ಹಠವಲ್ಲ, ಕಣ್ಣು ಕೆಳಗಿಳಿಯುತ್ತಿಲ್ಲ

ಪ್ರೊಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ ಎಂಬ ಮಿದುಳು ಸವೆಯುವ ಕಾಯಿಲೆ, ಅಂದರೆ ಪಿಎಸ್‌ಪಿ ಇರುವವರ ಮನೆಯವರು ನನ್ನಲ್ಲಿಗೆ ಬರುವ ಹೊತ್ತಿಗೆ ರೋಗಿ ಹಠಮಾರಿಯೆಂದು ತೀರ್ಮಾನಿಸಿಬಿಟ್ಟಿರುತ್ತಾರೆ. ಗುರುತು ಮರೆಸಿ ಈ ಪ್ರಕರಣವನ್ನು ಬರೆಯುತ್ತಿರುವುದು ಅದಕ್ಕಾಗಿಯೇ.

ರೋಗಿ ನಿವೃತ್ತ ಶಿಕ್ಷಕರು. ಪಾರ್ಕಿನ್ಸನ್ ಕಾಯಿಲೆಯೆಂದು ಎರಡು ವರ್ಷ ಲೆವೊಡೋಪಾ ಮಾತ್ರೆ ನುಂಗಿದರೂ ಹೇಳಿಕೊಳ್ಳುವಂಥ ಗುಣ ಕಂಡಿರಲಿಲ್ಲ. ಕೈನಡುಕವಿರಲಿಲ್ಲ, ಆದರೆ ಮೊದಲ ವರ್ಷದಲ್ಲೇ ಹಿಂದಕ್ಕೆ ಬೀಳತೊಡಗಿದ್ದರು. ಪಿಎಸ್‌ಪಿ ಎಂದು ಗುರುತಿಸಿದ ನರರೋಗ ತಜ್ಞರೇ ಕುಟುಂಬವನ್ನು ನನ್ನ ಬಳಿಗೆ ಕಳಿಸಿದ್ದರು.

"ಊಟಕ್ಕೆ ಕೂತರೆ ತಟ್ಟೆ ಕಡೆ ನೋಡೋದೇ ಇಲ್ಲ ಮೇಡಂ, ಅನ್ನವೆಲ್ಲ ಅಂಗಿ ಮೇಲೆ. ನನ್ನ ಕೈಯಡುಗೆ ಬೇಡವಾಗಿದೆ" ಎಂದು ಪತ್ನಿ ಕಣ್ಣೊರೆಸಿಕೊಂಡರು. ಶಿಕ್ಷಕರು ಪಕ್ಕದಲ್ಲೇ, ಬೆರಗಾದವರಂತೆ ಹುಬ್ಬೇರಿಸಿಕೊಂಡು, ಎದುರಿನ ಗೋಡೆಯನ್ನು ದಿಟ್ಟಿಸುತ್ತ ಕುಳಿತಿದ್ದರು. ನಾನು ತಟ್ಟೆಯೊಂದರಲ್ಲಿ ಪೆನ್ನಿಟ್ಟು, ಅದನ್ನು ಅವರ ಮುಂದಿನ ಮೇಜಿನ ಮೇಲಿರಿಸಿ, ತೆಗೆದುಕೊಳ್ಳಲು ಹೇಳಿದೆ. ಕೈ ಮೇಜನ್ನೆಲ್ಲ ತಡವಿತು. ಕಣ್ಣುಗುಡ್ಡೆ ಕೆಳಗಿಳಿಯಲಿಲ್ಲ, ಬಿಗಿದ ಕತ್ತೂ ಬಾಗಲಿಲ್ಲ. ಅದೇ ತಟ್ಟೆಯನ್ನು ಮುಖದೆತ್ತರಕ್ಕೆ ಹಿಡಿದಾಗ ತಟ್ಟನೆ ಪೆನ್ನು ಎತ್ತಿಕೊಂಡರು. ಆಮೇಲೆ ನಿಧಾನವಾಗಿ, ತೊದಲುತ್ತ, "ಕೆಳಗೆ... ಕಾಣಲ್ಲ... ಅಂತ ಹೇಳಿದ್ದೆ" ಎಂದರು.

"ಹೇಳಿದ್ದರು," ಎಂದರು ಪತ್ನಿ, "ಕನ್ನಡಕ ಬದಲಾಯಿಸಿದೆವು."

ಕನ್ನಡಕದಿಂದ ಆಗುವುದೇನೂ ಇರಲಿಲ್ಲ. 1964ರಲ್ಲಿ ಟೊರೊಂಟೊದ ಸ್ಟೀಲ್, ರಿಚರ್ಡ್‌ಸನ್ ಮತ್ತು ಒಲ್ಶೆವ್‌ಸ್ಕಿ ವಿವರಿಸಿದ ಈ ಕಾಯಿಲೆಯಲ್ಲಿ ಟೌ ಎಂಬ ಪ್ರೋಟೀನು ಮಿದುಳಿನ ಕೋಶಗಳಲ್ಲಿ ಗಂಟುಕಟ್ಟುತ್ತದೆ. ನಡುಮಿದುಳು ಸವೆದಂತೆ ಕಣ್ಣನ್ನು ಮೇಲೆ ಕೆಳಗೆ ಹೊರಳಿಸುವ ಶಕ್ತಿ ಕುಂದುತ್ತದೆ. ಮಿದುಳಿನ ಮುಂಭಾಗದ ಕೆಲಸವೂ ಕೆಡುವುದರಿಂದ ಒಂದೆಡೆ ನಿರಾಸಕ್ತಿ, ಇನ್ನೊಂದೆಡೆ ಹಿಂದುಮುಂದು ನೋಡದೆ ಕುರ್ಚಿಯಿಂದ ದಡಕ್ಕನೆ ಏಳುವ ಅವಸರ. ಇವೆರಡನ್ನೂ ಮನೆಯವರು ಸ್ವಭಾವದ ಲೆಕ್ಕಕ್ಕೆ ಬರೆಯುತ್ತಾರೆ.

ಆದ್ದರಿಂದ ತಟ್ಟೆಯನ್ನು ಸ್ಟೂಲಿನ ಮೇಲಿಟ್ಟು ಎತ್ತರಿಸಿ, ಕಾಲಿಗೆ ತೊಡರುವ ಚಾಪೆ ತೆಗೆಯಿರಿ, "ನೋಡಿಕೊಂಡು ನಡೀರಿ" ಎಂದು ಗದರುವ ಬದಲು ಏಳುವಾಗ ಒಬ್ಬರು ಕೈಗೆಟಕುವಷ್ಟು ಹತ್ತಿರವಿರಿ ಎಂದೆ. ಪತ್ನಿಗೆ ವಾರದಲ್ಲಿ ಒಂದಿಷ್ಟು ಹೊತ್ತು ಬಿಡುವು ಸಿಗುವಂತೆ ಮಗ ಜವಾಬ್ದಾರಿ ಹಂಚಿಕೊಳ್ಳಬೇಕೆಂದೂ ಹೇಳಿದೆ.

ಮಗ ಸಿಟ್ಟಾದದ್ದು ಅದಕ್ಕಲ್ಲ. ಮುಂದೆ ನುಂಗುವುದು ಕಷ್ಟವಾಗಿ ಆಹಾರ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗಬಹುದೆಂದೂ, ಆಗ ಹೊಟ್ಟೆಗೆ ನಳಿಕೆ ಹಾಕಿಸಬೇಕೇ ಎಂಬುದನ್ನು ಈಗಲೇ ಯೋಚಿಸಬೇಕೆಂದೂ ತಂದೆಯ ಎದುರಿಗೇ ಹೇಳಿದ್ದಕ್ಕೆ. "ಅಪ್ಪನ ಮುಂದೆ ಇದೆಲ್ಲ ಬೇಕಿತ್ತಾ?" ಬೇಕಿತ್ತೆಂದೇ ಈಗಲೂ ನನ್ನ ನಿಲುವು. ಈ ಕಾಯಿಲೆಯಲ್ಲಿ ಮಾತು ಕೈಕೊಡುತ್ತದೆ. ಉತ್ತರ ತಡವಾಗಿ ಬಂದರೂ ಅವರಿಗೆ ಅರ್ಥವಾಗುತ್ತಿದ್ದಾಗಲೇ ಕೇಳದಿದ್ದರೆ, ಅವರ ದೇಹದ ಬಗ್ಗೆ ಉಳಿದವರೆಲ್ಲ ಜಗಳವಾಡಬೇಕಾಗುತ್ತದೆ.

ಮುಂದಿನ ಭೇಟಿಯಲ್ಲಿ ಅವರು ನಳಿಕೆ ಬೇಡವೆಂದರು. ಮಗ ಅದನ್ನು ತಜ್ಞರಿಗೆ ತಿಳಿಸಿ, ಚಿಕಿತ್ಸೆಯ ಕಡತದಲ್ಲಿ ಬರೆಸಿದರು.