ನಾಯಿಗೆ ಉಣ್ಣಿ ಆಗಿದೆ, ಭತ್ತಕ್ಕೆ ಹೊಡೆಯುವ ಎಣ್ಣೆ ಹಚ್ಚಬಹುದಾ?

ಬೇಡ. ಈ ಎಣ್ಣೆ ಅಂದರೆ ಕೀಟನಾಶಕ, ದಯವಿಟ್ಟು ಹಚ್ಚಬೇಡಿ. ಈಗಾಗಲೇ ಬಾಟಲಿ ತಂದಿದ್ದರೆ ಹೊಲಕ್ಕೆ ಬಳಸಿ, ಇಲ್ಲ ವಾಪಸ್ ಕೊಡಿ.

ನೀವು ಬರೆದಿರುವುದರಲ್ಲಿ ಎರಡು ವಿಷಯ ಇವೆ. ಸಿರುಗುಪ್ಪದಲ್ಲಿ ನಿಮ್ಮ ಎರಡು ವರ್ಷದ ಲ್ಯಾಬ್ರಡಾರ್‌ಗೆ ಮೈತುಂಬ ಉಣ್ಣಿ, ಗೊಬ್ಬರದ ಅಂಗಡಿಯವರು ಹೊಲಕ್ಕೆ ಹೊಡೆಯುವ ಎಣ್ಣೆಯನ್ನೇ ಒಂದು ಮುಚ್ಚಳ ಬಕೆಟ್ ನೀರಿಗೆ ಹಾಕಿ ಮೈ ತೊಳೆಯಿರಿ ಅಂದಿದ್ದಾರೆ, ಇದು ಒಂದು. ಮೂರು ದಿನದಿಂದ ಸರಿಯಾಗಿ ತಿನ್ನುತ್ತಿಲ್ಲ, ಬಚ್ಚಲ ಹತ್ತಿರ ಸುಮ್ನೆ ಮಲಗಿರುತ್ತದೆ, ಬಿಸಿಲಿಗೆ ಇರಬೇಕು ಅಂತ ಕೊನೆಗೆ ಒಂದು ಸಾಲು ಸೇರಿಸಿದ್ದೀರಿ, ಇದು ಇನ್ನೊಂದು. ಆ ಕೊನೆಯ ಸಾಲು ಓದಿ ನನಗೆ ಹೆದರಿಕೆ ಆಯಿತು. ಉಣ್ಣಿಯ ಕೆಲಸ ನಾಳೆ ಮಾಡಬಹುದು. ನಾಯಿಯನ್ನು ಇವತ್ತೇ ಡಾಕ್ಟರಿಗೆ ತೋರಿಸಿ.

ನಾನು ಸಿಂಧನೂರಿನವನು, ಹೊಳೆ ದಾಟಿದರೆ ನಿಮ್ಮೂರು. ಬಿಸಿಲು ಇಬ್ಬರಿಗೂ ಒಂದೇ. ಏಪ್ರಿಲ್, ಮೇ ಬಂತು ಅಂದರೆ 42, 43 ಡಿಗ್ರಿ ನಮಗೆ ಸುದ್ದಿಯೇ ಅಲ್ಲ. ಅದಕ್ಕೇ ನಾಯಿ ಮಂಕಾದರೆ ಮನೆಯವರು, ಪಕ್ಕದ ಮನೆಯವರು, ಹಾಲು ಹಾಕುವವರು ಎಲ್ಲರ ಬಾಯಲ್ಲೂ ಒಂದೇ ಮಾತು: "ಬಿಸಿಲಿಗೆ ಹಂಗಾಗೈತಿ ಬಿಡ್ರಿ, ಮಜ್ಜಿಗಿ ಕುಡಿಸ್ರಿ." ಈ ಮಾತು ನಂಬಿಕೊಂಡು ವಾರ ಕಳೆದುಹೋಗುತ್ತದೆ. ಮೈತುಂಬ ಉಣ್ಣಿ ಇರುವ ನಾಯಿ ಊಟ ಬಿಟ್ಟರೆ ಅದು ಉಣ್ಣಿ ಕಚ್ಚಿ ಹರಡುವ ಉಣ್ಣಿ ಜ್ವರ ಇರಬಹುದು. ಅದಕ್ಕೆ ಔಷಧ ಇದೆ, ಬೇಗ ಶುರುಮಾಡಿದರೆ ಬಹಳ ನಾಯಿಗಳು ಉಳಿಯುತ್ತವೆ. ತಡ ಆದರೆ ಕಷ್ಟ.

ಬಿಸಿಲೋ ಜ್ವರವೋ ಅಂತ ಮನೆಯಲ್ಲೇ ಒಂದು ಮಟ್ಟಿಗೆ ನೋಡಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ತನ್ನಿ. ಬೆಳಗಿನ ಜಾವ, ನಾಯಿ ತಂಪಿನಲ್ಲಿ ಮಲಗಿ ಎದ್ದಾಗ, ತುದಿಗೆ ಚೂರು ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಮೆತ್ತಗೆ ಇಟ್ಟು ನೋಡಿ. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಮಾಮೂಲು, ನಮ್ಮ ಲೆಕ್ಕ ಅದಕ್ಕೆ ಹಾಕಬೇಡಿ. ತಂಪು ಹೊತ್ತಿನಲ್ಲೂ 103 ದಾಟಿದ್ದರೆ ಅದಕ್ಕೆ ಬಿಸಿಲನ್ನು ದೂರಿ ಪ್ರಯೋಜನ ಇಲ್ಲ, ಒಳಗೆ ಏನೋ ಇದೆ. ಆಮೇಲೆ ತುಟಿ ಎತ್ತಿ ವಸಡು ನೋಡಿ. ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಿ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣ ಬರಬೇಕು. ಒತ್ತುವ ಮೊದಲೇ ಬಿಳಿಚಿಕೊಂಡಿದ್ದರೆ ರಕ್ತ ಕಮ್ಮಿ ಆಗಿರುವ ಸಾಧ್ಯತೆ ಇದೆ. ಹೊಟ್ಟೆಯ ಕೂದಲಿಲ್ಲದ ಜಾಗದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಕೆಂಪು ಚುಕ್ಕೆ, ಮೂಗಿನಲ್ಲಿ ರಕ್ತ, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಒಂದು ಗಂಟೆಯೂ ಕಾಯಬೇಡಿ. ಇವು ಯಾವುವೂ ಕಾಣದಿದ್ದರೂ ಮೂರು ದಿನ ಸರಿಯಾಗಿ ತಿನ್ನದ ಲ್ಯಾಬ್ರಡಾರ್ ಅಂದರೆ ಸಣ್ಣ ಮಾತಲ್ಲ. ಆ ಜಾತಿ ಹಾಗೆಲ್ಲ ಊಟ ಬಿಡುವುದಿಲ್ಲ.

ಜ್ವರ ಇದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫೆನ್, ಡೈಕ್ಲೋಫಿನಾಕ್ ಏನೂ ಹಾಕಬೇಡಿ. ನಮಗೆ ಒಗ್ಗುವ ಈ ಮಾತ್ರೆಗಳು ನಾಯಿಯ ಲಿವರ್, ಕಿಡ್ನಿ, ಹೊಟ್ಟೆ ಕೆಡಿಸುತ್ತವೆ. ಉಣ್ಣಿ ಜ್ವರದಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಹೆಚ್ಚಾಗಿ ಮೊದಲೇ ಇಳಿದಿರುತ್ತದೆ, ಬ್ರೂಫೆನ್, ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆ ಕೊಟ್ಟರೆ ರಕ್ತ ಸೋರುವುದು ಇನ್ನೂ ಜಾಸ್ತಿ.

ಇನ್ನು ಹೊಲದ ಎಣ್ಣೆ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಊರುಗಳಲ್ಲಿ ಪ್ರತಿ ಮನೆಯಲ್ಲೂ ಒಂದು ಅರ್ಧ ಖಾಲಿಯಾದ ಬಾಟಲಿ ಇರುತ್ತದೆ, ಹುಳ ಸಾಯುತ್ತೆ ಅಂದಮೇಲೆ ಉಣ್ಣಿ ಸಾಯಲ್ವಾ ಅಂತ ಹಚ್ಚಿಬಿಡುತ್ತಾರೆ. ಉಣ್ಣಿ ಸಾಯುತ್ತದೆ ನಿಜ. ಆದರೆ ಮೋನೋಕ್ರೋಟೋಫಾಸ್, ಕ್ಲೋರ್‌ಪೈರಿಫಾಸ್ ಥರದ ವಿಷ ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ, ಮೇಲೆ ನಾಯಿ ತನ್ನ ಮೈ ತಾನೇ ನೆಕ್ಕುತ್ತದೆ. ನಮ್ಮ ಓಣಿಯಲ್ಲೇ ಒಬ್ಬರು ಹತ್ತಿಗೆ ಹೊಡೆಯುವ ಎಣ್ಣೆ ಹಾಕಿ ನಾಯಿಯನ್ನು ತೊಳೆದಿದ್ದರು. ಸ್ವಲ್ಪ ಹೊತ್ತಿನಲ್ಲೇ ಜೊಲ್ಲು ದಾರದ ಹಾಗೆ ಸುರಿಯತೊಡಗಿತು, ಕಣ್ಣ ಪಾಪೆ ಚುಕ್ಕೆಯಷ್ಟಾಯಿತು, ತೊಡೆಯ ಮಾಂಸ ತನ್ನಷ್ಟಕ್ಕೆ ಅದುರುತ್ತಿತ್ತು, ನಿಂತಲ್ಲೇ ಭೇದಿ. ಪಶು ಆಸ್ಪತ್ರೆಯಲ್ಲಿ ಅಟ್ರೋಪಿನ್ ಇಂಜೆಕ್ಷನ್ ಸಿಕ್ಕಿದ್ದರಿಂದ ಬದುಕಿತು. ಅದೃಷ್ಟಕ್ಕೆ ಅವರು ಬಾಟಲಿಯನ್ನೂ ಜೊತೆಗೆ ಒಯ್ದಿದ್ದರು, ಡಾಕ್ಟರಿಗೆ ಯಾವ ವಿಷ ಅಂತ ತಕ್ಷಣ ಗೊತ್ತಾಯಿತು. ಯಾರಾದರೂ ಈಗಾಗಲೇ ಹಚ್ಚಿದ್ದರೆ ಕೈಗೆ ಗ್ಲೌಸ್ ಹಾಕಿಕೊಂಡು ಪಾತ್ರೆ ತೊಳೆಯುವ ಲಿಕ್ವಿಡ್ ಸೋಪಿನಿಂದ ಧಾರಾಳ ನೀರು ಹಾಕಿ ತೊಳೆದು, ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಸೀಮೆಎಣ್ಣೆಯೂ ಬೇಡ, ಚರ್ಮ ಸುಡುತ್ತದೆ. ದನಕ್ಕೆ ತಂದಿಟ್ಟ ಐವರ್‌ಮೆಕ್ಟಿನ್ ಇಂಜೆಕ್ಷನ್ ಅಂದಾಜಿನ ಮೇಲೆ ಚುಚ್ಚುವುದಂತೂ ಬೇಡವೇ ಬೇಡ.

ಡಾಕ್ಟರ ಹತ್ತಿರ ಹೋದಾಗ ರಕ್ತ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ. ತಾಲ್ಲೂಕಿನಲ್ಲಿ ಆಗದಿದ್ದರೆ ಬಳ್ಳಾರಿಗೆ ಹೋಗಿ. ಯಾಕೆಂದರೆ ಉಣ್ಣಿಯಿಂದ ಬರುವ ಕಾಯಿಲೆ ಒಂದೇ ಅಲ್ಲ. ಎರ್ಲಿಕಿಯಾ ಅಂತ ಒಂದು ಬ್ಯಾಕ್ಟೀರಿಯಾ, ಅದಕ್ಕೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆ. ಬೆಬೇಸಿಯಾ ಅಂತ ಇನ್ನೊಂದು, ಬ್ಯಾಕ್ಟೀರಿಯಾ ಅಲ್ಲ, ಸಣ್ಣ ಪರಾವಲಂಬಿ ಜೀವಿ, ಅದು ಕೆಂಪು ರಕ್ತಕಣವನ್ನೇ ಒಡೆಯುತ್ತದೆ, ಅದರ ಔಷಧ ಬೇರೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನಕ್ಕೆ ಬರೆಯುತ್ತಾರೆ. ಎರಡು ಮೂರು ದಿನದಲ್ಲೇ ನಾಯಿ ಎದ್ದು ಬಾಲ ಆಡಿಸಬಹುದು, ಆಗ ಮಾತ್ರೆ ನಿಲ್ಲಿಸಬೇಡಿ, ರೋಗ ಒಳಗೇ ಅಡಗಿ ತಿಂಗಳುಗಟ್ಟಲೆ ಆದಮೇಲೆ ಮೂಳೆಮಜ್ಜೆಯನ್ನೇ ಹಾಳುಮಾಡಬಹುದು. ಮಾತ್ರೆಯನ್ನು ಮೊಸರನ್ನದಲ್ಲಿ ಮುಚ್ಚಿ ಕೊಡುವುದು ನಮ್ಮ ಕಡೆ ಅಭ್ಯಾಸ, ಆದರೆ ಹಾಲು ಮೊಸರು ಈ ಔಷಧ ಮೈಗೆ ಹತ್ತುವುದನ್ನು ಕಮ್ಮಿ ಮಾಡುತ್ತವೆ. ಬೇಯಿಸಿದ ಕೋಳಿಯೋ ಮೊಟ್ಟೆಯೋ ಇದ್ದರೆ ಅದರಲ್ಲಿ ಕೊಡಿ, ಮೇಲೆ ನೀರು ಕುಡಿಸಿ.

ಉಣ್ಣಿಗೆ ಈಗ ಒಳ್ಳೆಯ ಮಾತ್ರೆಗಳಿವೆ, ನೆಕ್ಸ್‌ಗಾರ್ಡ್ ಒಂದು ತಿಂಗಳಿಗೆ, ಬ್ರಾವೆಕ್ಟೋ ಸುಮಾರು 12 ವಾರಕ್ಕೆ. ತೂಕ ನೋಡಿ ಡಾಕ್ಟರೇ ಹೇಳಬೇಕು, ನಾಯಿಗೆ ಫಿಟ್ಸ್ ಬಂದದ್ದಿದ್ದರೆ ಮೊದಲೇ ತಿಳಿಸಿ. ಬೆಲೆ ಜಾಸ್ತಿ, ಒಪ್ಪುತ್ತೇನೆ. ಆದರೂ ಇದಕ್ಕೆ ದುಡ್ಡು ಹಾಕುವುದು ವಾಸಿ.

ಆದರೆ ನಾಯಿಯ ಮೈ ಮಾತ್ರ ನೋಡಿದರೆ ಉಣ್ಣಿ ಮುಗಿಯುವುದಿಲ್ಲ. ಈ ಕಂದು ಉಣ್ಣಿ ತನ್ನ ಆಯುಸ್ಸಿನ ಬಹುಪಾಲು ಕಳೆಯುವುದು ನಿಮ್ಮ ಮನೆಯ ಸಂದಿಗಳಲ್ಲಿ. ಮರಿಯಾಗಿದ್ದಾಗ ಒಮ್ಮೆ, ಸ್ವಲ್ಪ ಬೆಳೆದಾಗ ಒಮ್ಮೆ, ದೊಡ್ಡದಾದಾಗ ಒಮ್ಮೆ ನಾಯಿ ಹತ್ತಿ ರಕ್ತ ಕುಡಿದು ಇಳಿಯುತ್ತದೆ. ಹೆಣ್ಣು ಉಣ್ಣಿ ರಕ್ತ ಕುಡಿದು ಔಡಲ ಬೀಜದಂತೆ ಊದಿಕೊಂಡು ಕೆಳಗೆ ಬಿದ್ದು ಗೋಡೆ ಹತ್ತುತ್ತದೆ, ಬಾಗಿಲ ಚೌಕಟ್ಟಿನ ಹಿಂದೆ, ಪರಸಿ ಕಲ್ಲಿನ ಸಂದಿಯಲ್ಲಿ 4,000ದವರೆಗೂ ಮೊಟ್ಟೆ ಇಡಬಲ್ಲದು. ರಾತ್ರಿ ಟಾರ್ಚ್ ಹಿಡಿದು ನಾಯಿ ಮಲಗುವ ಜಾಗದ ಗೋಡೆ ನೋಡಿ, ಸಾಲಾಗಿ ಮೇಲೆ ಹೋಗುತ್ತಿರುತ್ತವೆ. ಸಂದಿಗಳಿಗೆ ಸಿಮೆಂಟ್ ತುಂಬಿಸಿ. ಹಾಸಿದ ಗೋಣಿಚೀಲ ಸುಟ್ಟುಬಿಡಿ, ಹೊಸದಕ್ಕೆ ವಾರಕ್ಕೊಮ್ಮೆ ಕುದಿಯುವ ನೀರು ಹಾಕಿ ಬಿಸಿಲಿಗೆ ಒಣಗಿಸಿ. ಮನೆಗೆ ಹೊಡೆಯುವ ಔಷಧವನ್ನೂ ಡಾಕ್ಟರನ್ನೇ ಕೇಳಿ, ಒಮ್ಮೆ ಹೊಡೆದರೆ ಸಾಲದು, ಮೊಟ್ಟೆ ಒಡೆದು ಮತ್ತೆ ಬರುತ್ತವೆ. ಮೈಮೇಲಿನ ಉಣ್ಣಿಯನ್ನು ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ, ಸ್ಪಿರಿಟ್ ಇರುವ ಡಬ್ಬಿಗೆ ಹಾಕಿ. ಉಗುರಿನಲ್ಲಿ ಕುಕ್ಕಬೇಡಿ, ಊದಿನಕಡ್ಡಿ ತಾಗಿಸಬೇಡಿ. ಕಿವಿಯ ಒಳಮಡಿಕೆ, ಬೆರಳ ಸಂದಿ, ಬೆಲ್ಟಿನ ಅಡಿ, ಈ ಮೂರು ಕಡೆ ತಪ್ಪದೆ ನೋಡಿ. ಎಲ್ಲ ತೆಗೆದಾದಮೇಲೂ ಮೂರು ವಾರ ನಾಯಿಯ ಊಟದ ಮೇಲೆ ಕಣ್ಣಿಡಿ, ಕಚ್ಚಿದ ತಕ್ಷಣ ಜ್ವರ ಬರುವುದಿಲ್ಲ.

ಇವತ್ತು ಆಸ್ಪತ್ರೆಗೆ ಹೊರಟಾಗ ಬೈಕಿನಲ್ಲಿ ಬೇಡ, ಆಟೋ ಮಾಡಿ. ನೀರಿನ ಬಾಟಲಿ, ಒದ್ದೆ ಬಟ್ಟೆ ಇಟ್ಟುಕೊಳ್ಳಿ, ದಾರಿಯಲ್ಲಿ ಏದುಸಿರು ಜಾಸ್ತಿಯಾದರೆ ಹೊಟ್ಟೆಗೆ, ತೊಡೆಸಂದಿಗೆ ನೀರು ಹಾಕಿ ಗಾಳಿ ಬರುವ ಕಡೆ ಕೂರಿಸಿ. ಆಸ್ಪತ್ರೆಯಲ್ಲಿ ದನ, ಎಮ್ಮೆಗಳ ಸಾಲು ಇದ್ದರೆ ಮೂರು ದಿನದಿಂದ ಸರಿಯಾಗಿ ತಿಂದಿಲ್ಲ ಅಂತ ಮೊದಲೇ ಹೇಳಿ ನೆರಳಿನಲ್ಲಿ ಜಾಗ ಕೇಳಿ. ರಕ್ತದ ರಿಪೋರ್ಟ್ ಬಂದಮೇಲೆ ಪ್ಲೇಟ್‌ಲೆಟ್ ಎಷ್ಟಿದೆ ಅಂತ ಇಲ್ಲೇ ಬರೆಯಿರಿ.