ಹಾರ್ನ್‌ವರ್ಟ್ ಕೊಂಬು ತುದಿ ಒಡೆದ ಮೇಲೂ ಬೆಳೆಯುತ್ತದಾ?

ಆಂಥೋಸೆರಾಸ್ (ಹಾರ್ನ್‌ವರ್ಟ್ ಎಂಬ ಹೂವಿಲ್ಲದ ಪುಟ್ಟ ಸಸ್ಯಗಳಲ್ಲಿ ಒಂದು) ಕೊಂಬಿನ ತುದಿ ಒಡೆದು ಬೀಜಕ (ಸ್ಪೋರ್) ಉದುರಿದ ಮೇಲೂ ಕೊಂಬು ಬೆಳೆಯುತ್ತದಂತೆ, ಅದು ಹೇಗೆ ಅಂತ ಕೇಳಿದ್ದೀರಿ. ಅದು ಬೆಳೆಯುವುದು ಬುಡದಿಂದ, ನಮ್ಮ ಉಗುರಿನ ಹಾಗೆ. ಹಾಗಾಗಿ ತುದಿಗೆ ಏನಾದರೂ ಬುಡಕ್ಕೆ ತೊಂದರೆ ಇಲ್ಲ.

ನಾನು ಬೆಳಗಾವಿಯಲ್ಲಿ ಬಿಎಸ್ಸಿ ಮಕ್ಕಳಿಗೆ ಬಾಟನಿ ಹೇಳಿಕೊಡುತ್ತೇನೆ. ಮಳೆಗಾಲದಲ್ಲಿ ಖಾನಾಪುರ, ಜಾಂಬೋಟಿ ಕಡೆ ಹೋದಾಗ ಒದ್ದೆ ಮಣ್ಣಿನ ಮೇಲೆ ಇದನ್ನು ಹುಡುಕುತ್ತೇವೆ. ಕೊಂಬು ಬರುವ ಮುಂಚೆ ಗುರುತು ಹಿಡಿಯುವುದು ಕಷ್ಟ, ಸುಮ್ನೆ ಹಸಿರು ಚಪ್ಪಟೆ ಥ್ಯಾಲಸ್ (ಬೇರು, ಕಾಂಡ, ಎಲೆ ಅಂತ ಬೇರ್ಪಡದ ಸಸ್ಯದೇಹ) ಅಷ್ಟೇ. ಗಂಡು, ಹೆಣ್ಣು ಅಂಗಗಳೆರಡೂ ಅದರೊಳಗೇ ಹುದುಗಿರುತ್ತವೆ. ಆಂಥೆರಿಡಿಯಂ (ಗಂಡು ಅಂಗ) ಹುಟ್ಟುವುದೇ ಮೇಲ್ಪದರದ ಕೆಳಗಿನ ಕೋಶದಿಂದ, ಮುಚ್ಚಿದ ಗೂಡಿನಲ್ಲಿ. ಇದರ ನೆಂಟರಾದ ಮಾಸ್, ಲಿವರ್‌ವರ್ಟ್‌ಗಳಲ್ಲಿ ಹೀಗಿಲ್ಲ. ಬಲಿತ ಮೇಲೆ ಗೂಡಿನ ಚಾವಣಿ ಒಡೆಯುತ್ತದೆ, ಗಂಡುಕೋಶಗಳು ನೀರಲ್ಲಿ ಈಜಿ ಆರ್ಕಿಗೋನಿಯಂ (ಹೆಣ್ಣು ಅಂಗ) ಸೇರುತ್ತವೆ.

ಅಲ್ಲಿಂದ ಬೆಳೆಯುವ ಸ್ಪೋರೋಫೈಟ್‌ಗೆ (ಬೀಜಕ ಕೊಡುವ ಭಾಗ, ಅದೇ ಈ ಕೊಂಬು) ಥ್ಯಾಲಸ್‌ನಲ್ಲಿ ನಾಟಿದ ಪಾದ ಇದೆ, ಮೇಲೆ ಬೀಜಕಗಳಿರುವ ಕ್ಯಾಪ್ಸೂಲ್ ಇದೆ. ನಡುವೆ ಸೀಟಾ (ತೊಟ್ಟು) ಇಲ್ಲ. ಆ ಜಾಗದಲ್ಲಿ ಮೆರಿಸ್ಟೆಮ್ (ವಿಭಜಿಸುತ್ತಲೇ ಇರುವ ಕೋಶಗಳ ಗುಂಪು) ಇದೆ, ಅದು ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ.

ನಂಬಿಕೆ ಬರಲಿಲ್ಲ ಅಂದರೆ ಒಂದೇ ಕೊಂಬನ್ನು ಬ್ಲೇಡಿನಿಂದ ಮೂರು ಕಡೆ ಅಡ್ಡ ಕೊಯ್ದು ನೋಡ್ರಿ. ಬುಡದ ತುಂಡಿನಲ್ಲಿ ಎಲ್ಲಾ ಕೋಶಗಳೂ ಎಳೆಯವು, ಯಾವುದು ಏನಾಗುತ್ತದೆ ಅಂತ ಹೇಳಲು ಬರಲ್ಲ. ನಡುವಿನ ತುಂಡಿನಲ್ಲಿ ಮಧ್ಯೆ ಕಾಲ್ಯುಮೆಲ್ಲಾ (ನಡುಗಂಬ) ಇರುತ್ತದೆ, ಸಾಮಾನ್ಯವಾಗಿ 16 ಕೋಶ, ನಾಲ್ಕು ನಾಲ್ಕರ ಚೌಕ. ಅದರ ಸುತ್ತ ನಾಲ್ಕು ನಾಲ್ಕಾಗಿ ಅಂಟಿಕೊಂಡ ಎಳೆ ಬೀಜಕಗಳು. ಹೊರಗೋಡೆ ಹಸಿರು, ಅದರಲ್ಲಿ ಸ್ಟೊಮಾಟಾ (ಪತ್ರರಂಧ್ರದಂಥ ಸಣ್ಣ ತೂತುಗಳು) ಕೂಡ ಇವೆ. ಥ್ಯಾಲಸ್ ಮೇಲೆ ಕೂತಿದ್ದರೂ ತನ್ನ ಊಟದ ಒಂದು ಪಾಲು ತಾನೇ ಮಾಡಿಕೊಳ್ಳುತ್ತದೆ ಅಲ್ವಾ! ತುದಿಯಲ್ಲಿ ಬಲಿತ ಕಪ್ಪು ಬೀಜಕಗಳು, ಜೊತೆಗೆ ಸ್ಯೂಡೋಎಲೇಟರ್‌ಗಳು (ಬೀಜಕಗಳ ನಡುವೆ ಇದ್ದು ಅವು ಚದುರಲು ನೆರವಾಗುವ ಬರಡು ಕೋಶಗಳು). ಗೋಡೆ ಎರಡಾಗಿ ಸೀಳಿ, ಒಣಗುತ್ತಾ ತಿರುಚಿಕೊಂಡು ಅವನ್ನು ಉದುರಿಸುತ್ತದೆ. ಬೀಜಕ ಹಳದಿ ಕಂಡರೆ ನಿಮ್ಮ ಕೈಯಲ್ಲಿರುವುದು ಫಿಯೋಸೆರಾಸ್ ಎಂಬ ಇನ್ನೊಂದು ಹಾರ್ನ್‌ವರ್ಟ್ ಇರಬಹುದು.

ಮಾಸ್‌ನಲ್ಲಾದರೆ ಕ್ಯಾಪ್ಸೂಲ್‌ನ ಬೀಜಕಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಲಿಯುತ್ತವೆ. ಇಲ್ಲಿ ಎಳೆಯದರಿಂದ ಬಲಿತದ್ದರವರೆಗೆ ಒಂದೇ ಕೊಂಬಿನಲ್ಲಿ ಸಿಗುತ್ತದೆ. ಥ್ಯಾಲಸ್‌ಗೆ ತೇವ ಇರುವ ತನಕ ಇದು ನಡೆಯುತ್ತದೆ. ಹಾರ್ನ್‌ವರ್ಟ್‌ಗಳಲ್ಲೇ ನೊಟೊಥೈಲಸ್ ಮಾತ್ರ ಬೇರೆ. ಅದರ ಮೆರಿಸ್ಟೆಮ್ ಬೇಗ ನಿಲ್ಲುತ್ತದೆ, ಕೊಂಬು ಗಿಡ್ಡ, ಥ್ಯಾಲಸ್ ಮೇಲೆ ಮಲಗಿದ ಹಾಗೇ ಇರುತ್ತದೆ.