ಹಗುರಾದ ದಿನವೇ ಹೆಚ್ಚು ದಣಿವು

ಪ್ರಶ್ನೆ: ಎಂ.ಎ. ಓದಲು ದಿನಾ ಬಸ್ಸಿನಲ್ಲಿ ಕಾಸರಗೋಡಿಗೆ ಹೋಗುತ್ತೇನೆ. ವರ್ಷದಿಂದ ಸೊಂಟ, ಬೆರಳ ಗಂಟುಗಳಲ್ಲಿ ನೋವು, ವಿಪರೀತ ಸುಸ್ತು. ನೋವು ಕಡಿಮೆಯಾದ ದಿನ ಬಾಕಿ ಓದೆಲ್ಲ ಮುಗಿಸುತ್ತೇನೆ, ಮರುದಿನ ಏಳಲಾಗುವುದಿಲ್ಲ. ಏನು ಮಾಡಲಿ?
– ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಬಾಕಿ ತೀರಿಸುವ ಆ ದಿನವೇ ನಿಮ್ಮನ್ನು ಕೆಡವುತ್ತಿರುವುದು. ಒಂದು ವಾರ ಗಡಿಯಾರ ನೋಡಿ, ಎಷ್ಟು ಹೊತ್ತು ಕೂತರೆ ನೋವು ಏರುತ್ತದೆಂದು ಬರೆದಿಡಿ. 40 ನಿಮಿಷವಾದರೆ 30ಕ್ಕೇ ಎದ್ದು, 10 ನಿಮಿಷ ಅಡ್ಡಾಗಿ. ಹಗುರಾದ ದಿನವೂ ಇದೇ ಮಿತಿ, ಕಷ್ಟವಿರುವುದು ಇಲ್ಲೇ. ಎರಡು ವಾರ ಸ್ಥಿರವಾಗಿದ್ದರೆ ಮಾತ್ರ 5 ನಿಮಿಷ ಏರಿಸಿ. ಬಸ್ಸಿನಲ್ಲಿ ನಿಂತು ಬಂದದ್ದೂ ದುಡಿಮೆಯೇ, ಲೆಕ್ಕಕ್ಕೆ ಹಿಡಿಯಿರಿ. ಸಂಜೆ ಬಂದ ಕೂಡಲೇ ಪುಸ್ತಕ ಬೇಡ.

ಟಾನಿಕ್ ಕುಡಿಯುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿ. ಬೆಳಗ್ಗೆ ಬೆರಳುಗಳ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಉಳಿದರೆ, ಗಂಟು ಊದಿದರೆ ಸಂಧಿವಾತ ತಜ್ಞರನ್ನು ಬೇಗ ಕಾಣಿ. ತಡವಾದರೆ ಗಂಟು ಸವೆಯಬಹುದು. ಐಬುಪ್ರೊಫೆನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳದೆ ದಿನಾ ನುಂಗಬೇಡಿ, ಹೊಟ್ಟೆಹುಣ್ಣು ಬರಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು.

ಹಾಜರಿ ಕಡಿಮೆಯಾದ ಮೇಲೆ ಓಡಾಡಬೇಡಿ. ವೈದ್ಯರ ಪತ್ರವನ್ನು ಸೆಮಿಸ್ಟರ್ ಆರಂಭದಲ್ಲೇ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅಂಗವೈಕಲ್ಯದ ಪ್ರಮಾಣಪತ್ರವಿದ್ದು ಬರೆಯಲು ತೊಂದರೆಯಿದ್ದರೆ, ಕೇಂದ್ರದ ಮಾರ್ಗಸೂಚಿಯಂತೆ ಪರೀಕ್ಷೆಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಅರ್ಜಿ ಪರೀಕ್ಷೆಗೆ ಬಹಳ ಮುಂಚೆಯೇ ಹೋಗಲಿ.